ಸುತ್ತುವ ಪಾತ್ರೆಯಲ್ಲಿ ಬಿಸಿ ಬೇಗ ಸಾಗುತ್ತದೆಯೋ, ತಡವಾಗಿ ಸಾಗುತ್ತದೆಯೋ?

ಪಾಂಡವಪುರದ ಆಲೆಮನೆ:

ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ನಾನು ಮಂಡ್ಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿರುವ ವಿದ್ಯಾರ್ಥಿ; ನಮ್ಮದು ಆಲೆಮನೆ ಇರುವ ಕುಟುಂಬ. ಗಾಣದಿಂದ ಬಂದ ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಬಿಟ್ಟು ಒಲೆಗೆ ಸಿಪ್ಪೆ ತಳ್ಳಿದ ಮೇಲೆ, ಮಡ್ಡಿ ಕಟ್ಟುವುದಕ್ಕೆ ಸ್ವಲ್ಪ ಮುಂಚೆ, ತಳದ ಬಿಸಿ ಎದ್ದು ಬಂದು ಮೇಲೆ ಹರಡುವುದು ಮತ್ತು ನಡುನಡುವೆ ಗೆರೆ ಎಳೆದಂತೆ ಮತ್ತೆ ಒಳಕ್ಕೆ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಇದೇ ಉಷ್ಣ ಸಂವಹನ ಎಂದು ಪಾಠದಲ್ಲಿ ಕಲಿತಿದ್ದೇನೆ.

ಕೊಪ್ಪರಿಗೆಯನ್ನೇ ತಿರುಗುವ ಪೀಠದ ಮೇಲಿಟ್ಟು ನಿಧಾನವಾಗಿ ಸುತ್ತಿಸಿದರೆ ಬಿಸಿ ತಳದಿಂದ ಮೇಲಕ್ಕೆ ಬೇಗ ಸಾಗುತ್ತದೆಯೇ ಎಂಬುದು ನನ್ನ ಪ್ರಶ್ನೆ. ತರಗತಿಯಲ್ಲಿ ಕೇಳಿದಾಗ, ಭ್ರಮಣೆಯು (ಅಂದರೆ ಸುತ್ತುವಿಕೆ) ಸಂವಹನವನ್ನು ಅದುಮುತ್ತದೆ ಎಂಬ ಉತ್ತರ ಸಿಕ್ಕಿತು. ಆದರೆ ನೀರಿನಲ್ಲಿ ಭ್ರಮಣೆಯಿಂದ ಉಷ್ಣ ಸಾಗಣೆ 30 ಶೇಕಡಾದವರೆಗೂ ಹೆಚ್ಚಿದೆ ಎಂದು ಬೇರೊಂದು ಕಡೆ ಓದಿದೆ. ಎರಡೂ ನಿಜವಾಗುವುದು ಹೇಗೆ?

ಸರಸ್ವತೀಪುರಂ ಮೇಷ್ಟ್ರು:

ಎರಡೂ ನಿಜ. ಅದು ಹೇಗೆ ಎಂದು ವಿವರಿಸುವ ಮೊದಲು ಒಂದು ಗೊಂದಲವನ್ನು ಬಿಡಿಸಬೇಕು: ಕಲಕುವುದು ಬೇರೆ, ಸುತ್ತಿಸುವುದು ಬೇರೆ. ಹುಟ್ಟು ಹಾಕಿ ಕಲಕಿದಾಗ ದ್ರವದ ಒಂದು ಭಾಗ ಇನ್ನೊಂದರ ಮೇಲೆ ಜಾರುತ್ತದೆ, ತಳಕ್ಕೆ ಅಂಟಿದ ಬಿಸಿ ಪದರ ಹರಿದು ಹೋಗುತ್ತದೆ. ಆದ್ದರಿಂದ ಬಿಸಿ ಬೇಗ ಹರಡುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಪಾತ್ರೆಯನ್ನು ಸಮವೇಗದಲ್ಲಿ ಬಹಳ ಹೊತ್ತು ಸುತ್ತಿಸಿದಾಗಲಾದರೋ ಒಳಗಿನ ದ್ರವವೂ ಪಾತ್ರೆಯ ಜೊತೆಗೇ, ಗಟ್ಟಿ ವಸ್ತುವಿನಂತೆ, ಸುತ್ತತೊಡಗುತ್ತದೆ. ಪಾತ್ರೆಯ ಮೇಲೆಯೇ ಕುಳಿತ ಒಂದು ಇರುವೆ ನೋಡಿದರೆ ದ್ರವ ನಿಂತೇ ಇದೆ. ಹಾಗಿದ್ದೂ ಸಂವಹನ ಬದಲಾಗುತ್ತದೆ ಎಂಬುದೇ ಈ ವಿಷಯದ ಸ್ವಾರಸ್ಯ.

ಭ್ರಮಣೆ ಇಲ್ಲದ ಸ್ಥಿತಿಯಿಂದ ಆರಂಭಿಸೋಣ. ಫ್ರಾನ್ಸಿನ ಆನ್ರಿ ಬೆನಾರ್ 1900ರ ಸುಮಾರಿನಲ್ಲಿ ತೆಳುವಾದ ದ್ರವಪದರವನ್ನು ಕೆಳಗಿನಿಂದ ಕಾಯಿಸಿ, ಅದು ಜೇನುಹುಟ್ಟಿನ ಕೋಶಗಳಂತೆ ಒಡೆಯುವುದನ್ನು ತೋರಿಸಿದರು. ಲಾರ್ಡ್ ರೇಲಿ 1916ರಲ್ಲಿ ಇದಕ್ಕೆ ಗಣಿತ ಕೊಟ್ಟರು. ಬಿಸಿ ದ್ರವವನ್ನು ಮೇಲಕ್ಕೆ ತಳ್ಳುವ ತೇಲುಬಲ ಒಂದು ಕಡೆ, ಅದನ್ನು ತಡೆಯುವ ಸ್ನಿಗ್ಧತೆ (ದ್ರವದ ಒಳಗಿನ ಘರ್ಷಣೆ) ಮತ್ತು ಉಷ್ಣದ ಸೋರಿಕೆ ಇನ್ನೊಂದು ಕಡೆ. ಇವುಗಳ ಅನುಪಾತವನ್ನು ರೇಲಿ ಸಂಖ್ಯೆ ಎನ್ನುತ್ತೇವೆ. ಮೇಲೆ ಕೆಳಗೆ ಗಟ್ಟಿ ತಟ್ಟೆಗಳಿದ್ದರೆ ಈ ಸಂಖ್ಯೆ 1708 ದಾಟಿದಾಗ ಮಾತ್ರ ದ್ರವ ಅಲುಗಾಡುತ್ತದೆ. ಹತ್ತು ಸೆಂಟಿಮೀಟರ್ ಎತ್ತರದ ನೀರಿಗೆ, ಮೇಲಿಗೂ ಕೆಳಗಿಗೂ 10 ಡಿಗ್ರಿ ವ್ಯತ್ಯಾಸವಿದ್ದರೆ, ಈ ಸಂಖ್ಯೆ ಸುಮಾರು 14 ಕೋಟಿ ಬರುತ್ತದೆ. ಅಂದರೆ ನಮ್ಮ ಅಡುಗೆಮನೆಯ ಪಾತ್ರೆಯೇ ಪ್ರಕ್ಷುಬ್ಧ ಸಂವಹನದ ಪ್ರಯೋಗಶಾಲೆ.

ಇನ್ನು ಭ್ರಮಣೆ. ಇದನ್ನು ಕೂಲಂಕಷವಾಗಿ ಲೆಕ್ಕ ಹಾಕಿದವರು ನಮ್ಮವರೇ ಆದ ಎಸ್. ಚಂದ್ರಶೇಖರ್. ನಕ್ಷತ್ರಗಳ ಕೆಲಸಕ್ಕೆ ನೊಬೆಲ್ ಬಂದದ್ದರಿಂದ ಅವರ ಈ ಕೆಲಸವನ್ನು ಕಡಿಮೆ ಜನ ನೆನೆಯುತ್ತಾರೆ ಎಂಬುದು ನನ್ನ ಹಳೆಯ ಕೊರಗು. 1953ರಲ್ಲಿ ಅವರು ತೋರಿಸಿದ್ದೇನೆಂದರೆ, ಭ್ರಮಣೆ ಹೆಚ್ಚಿದಂತೆ ಸಂವಹನ ಶುರುವಾಗಲು ಬೇಕಾದ ರೇಲಿ ಸಂಖ್ಯೆ ಏರುತ್ತಾ ಹೋಗುತ್ತದೆ. ವೇಗದ ಭ್ರಮಣೆಯಲ್ಲಿ, ಸುತ್ತುವ ವೇಗ ಎರಡರಷ್ಟಾದರೆ ಈ ಹೊಸ್ತಿಲು ಸುಮಾರು ಎರಡೂವರೆ ಪಟ್ಟು ಎತ್ತರವಾಗುತ್ತದೆ. ಮೇಲೆ ಹೇಳಿದ ಹತ್ತು ಸೆಂಟಿಮೀಟರ್ ನೀರನ್ನು ನಿಮಿಷಕ್ಕೆ 10 ಸುತ್ತಿನಂತೆ ತಿರುಗಿಸಿದರೆ 1708 ಇದ್ದ ಹೊಸ್ತಿಲು ಸುಮಾರು 50 ಲಕ್ಷಕ್ಕೆ ಜಿಗಿಯುತ್ತದೆ. 100 ಸುತ್ತಿಗೆ ಅದು 10 ಕೋಟಿಯನ್ನು ದಾಟುತ್ತದೆ. ನಿಮ್ಮ ತರಗತಿಯಲ್ಲಿ ಹೇಳಿದ ಉತ್ತರದ ಮೂಲ ಇದು, ಮತ್ತು ಅದು ಸರಿಯಾಗಿಯೇ ಇದೆ.

ಆದರೆ ಸಂವಹನ ಯಾವಾಗ ಶುರುವಾಗುತ್ತದೆ ಎಂಬುದು ಒಂದು ಪ್ರಶ್ನೆ, ಶುರುವಾದ ಮೇಲೆ ಎಷ್ಟು ಬಿಸಿ ಹೊರುತ್ತದೆ ಎಂಬುದು ಇನ್ನೊಂದು. 1969ರಲ್ಲಿ ಥಾಮಸ್ ರಾಸ್‌ಬಿ ಎಂಬುವರು ನೀರನ್ನೂ ಪಾದರಸವನ್ನೂ ಸುತ್ತಿಸಿ ಅಳೆದರು. ಪಾದರಸದಲ್ಲಿ ಉಷ್ಣ ಸಾಗಣೆ ನಿರೀಕ್ಷೆಯಂತೆ ಇಳಿಯಿತು. ನೀರಿನಲ್ಲಿ, ಮಿತವಾದ ಭ್ರಮಣೆಗೆ, ಅದು ಏರಿತು. ವೇಗ ಇನ್ನೂ ಹೆಚ್ಚಿದ ಮೇಲೆ ಮಾತ್ರ ಇಳಿಯಿತು. (ಈ ಕ್ಷೇತ್ರದಲ್ಲಿ ಮಾತುಮಾತಿಗೆ ಬರುವ, ಹರಿವಿನ ವೇಗವನ್ನು ಸುತ್ತುವ ವೇಗದೊಡನೆ ತೂಗುವ ರಾಸ್‌ಬಿ ಸಂಖ್ಯೆ ಇವರ ತಂದೆ ಕಾರ್ಲ್ ಗುಸ್ತಾವ್ ರಾಸ್‌ಬಿಯವರ ಹೆಸರಿನದು. ಅಪ್ಪನ ಹೆಸರಿನ ಸಂಖ್ಯೆಯನ್ನು ಮಗನ ಪ್ರಯೋಗಕ್ಕೆ ಬಳಸುವಾಗ ವಿದ್ಯಾರ್ಥಿಗಳು ಇಬ್ಬರನ್ನೂ ಒಬ್ಬರೇ ಮಾಡಿಬಿಡುತ್ತಾರೆ.)

ಗಂಗೋತ್ರಿ ಭೌತವಿಜ್ಞಾನ:

ಸರ್, ನಾನು ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಇಲ್ಲೊಂದು ಆಕ್ಷೇಪವಿದೆ. ಟೇಲರ್–ಪ್ರೌಡ್‌ಮನ್ ಪ್ರಮೇಯದ ಪ್ರಕಾರ ವೇಗವಾಗಿ ಸುತ್ತುವ ದ್ರವದಲ್ಲಿ ಹರಿವು ಅಕ್ಷದ ಉದ್ದಕ್ಕೂ ಬದಲಾಗುವಂತಿಲ್ಲ. ತಳದಲ್ಲಿ ಮೇಲ್ಮುಖ ವೇಗ ಸೊನ್ನೆ. ಹಾಗಾದರೆ ಎಲ್ಲ ಎತ್ತರದಲ್ಲೂ ಸೊನ್ನೆಯೇ ಆಗಬೇಕು. ಮೇಲಕ್ಕೆ ಚಲನೆಯೇ ಇಲ್ಲದಿದ್ದರೆ ಬಿಸಿಯನ್ನು ಹೊರುವವರು ಯಾರು? ಇಳಿಕೆಯನ್ನು ಒಪ್ಪಬಹುದು, ಏರಿಕೆಗೆ ಎಡೆಯೇ ಕಾಣುವುದಿಲ್ಲ.

ಸರಸ್ವತೀಪುರಂ ಮೇಷ್ಟ್ರು:

ಆಕ್ಷೇಪ ಸರಿಯಾದ ಜಾಗಕ್ಕೇ ಬಿದ್ದಿದೆ, ಮೇಡಂ. ಪ್ರೌಡ್‌ಮನ್ 1916ರಲ್ಲಿ ಹೇಳಿದ, ಜಿ. ಐ. ಟೇಲರ್ ಬಣ್ಣದ ನೀರಿನಲ್ಲಿ ಕಣ್ಣಿಗೆ ಕಾಣುವಂತೆ ಮಾಡಿದ ಆ ಪ್ರಮೇಯ, ಸ್ನಿಗ್ಧತೆ ನಗಣ್ಯ, ಹರಿವು ನಿಧಾನ, ಸಾಂದ್ರತೆ ಎಲ್ಲೆಡೆ ಒಂದೇ ಎಂಬ ಷರತ್ತುಗಳ ಮೇಲೆ ನಿಂತಿದೆ. ಸಂವಹನದಲ್ಲಿ ಸಾಂದ್ರತೆ ಒಂದೇ ಇರುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ತಳದ ತಟ್ಟೆಗೆ ಅಂಟಿಕೊಂಡ ಒಂದು ಮಿಲಿಮೀಟರಿನ ಪದರದಲ್ಲಿ ಸ್ನಿಗ್ಧತೆ ನಗಣ್ಯವಾಗಿರುವುದಿಲ್ಲ. ಪ್ರಮೇಯ ಮುರಿಯುವುದು ಅಲ್ಲಿ, ಬಿಸಿ ಇರುವುದೂ ಅಲ್ಲೇ.

ಆ ಪದರಕ್ಕೆ ಎಕ್‌ಮನ್ ಪದರವೆಂದು ಹೆಸರು. ನಾರ್ವೆಯ ಅನ್ವೇಷಕ ನಾನ್ಸೆನ್ ತನ್ನ ಫ್ರಾಮ್ ಹಡಗಿನಲ್ಲಿ ಉತ್ತರ ಧ್ರುವದ ಕಡೆ ಹೋಗಿದ್ದಾಗ, ಮಂಜುಗಡ್ಡೆ ಗಾಳಿಯ ದಿಕ್ಕಿಗೆ ಸರಿಯಾಗಿ ತೇಲದೆ ಅದರ ಬಲಕ್ಕೆ ವಾಲಿಕೊಂಡು ಹೋಗುವುದನ್ನು ಗುರುತಿಸಿದ. ಆ ಒಗಟನ್ನು ಬಿಡಿಸಲು ಹೊರಟ ಎಕ್‌ಮನ್ 1905ರಲ್ಲಿ ಈ ಪದರದ ಗಣಿತ ಬರೆದ. ನಮ್ಮ ಪಾತ್ರೆಯಲ್ಲಿ ಅದು ಹೀಗೆ ಕೆಲಸ ಮಾಡುತ್ತದೆ. ತಳದಿಂದ ಬಿಸಿ ನೀರಿನ ಎಳೆಯೊಂದು ಏಳುವಾಗ ಅದರ ಬುಡಕ್ಕೆ ಸುತ್ತಲಿನ ನೀರು ನುಗ್ಗಬೇಕು. ಹಾಗೆ ನುಗ್ಗುವ ನೀರನ್ನು ಕೊರಿಯೊಲಿಸ್ ಬಲ (ಸುತ್ತುವ ಪಾತ್ರೆಯೊಳಗೆ ಚಲಿಸುವ ವಸ್ತುವಿಗೆ ತಗಲುವ ಅಡ್ಡಬಲ) ಪಕ್ಕಕ್ಕೆ ತಿರುಗಿಸುತ್ತದೆ, ಎಳೆ ಸುಳಿಯಾಗುತ್ತದೆ. ಸುಳಿಯ ಒಳಗೆ ಒತ್ತಡ ಕಡಿಮೆ. ಮೇಲೆ, ಸ್ನಿಗ್ಧತೆಯ ಕೈಗೆ ಸಿಗದ ಜಾಗದಲ್ಲಿ, ಆ ಒತ್ತಡದ ಕೊರತೆಯನ್ನು ಸುತ್ತುವಿಕೆ ಸರಿದೂಗಿಸುತ್ತದೆ. ತಳಕ್ಕೆ ಅಂಟಿದ ನೀರು ಮಾತ್ರ ಘರ್ಷಣೆಯಿಂದ ನಿಧಾನವಾಗಿರುವ ಕಾರಣ ಅದು ಒತ್ತಡಕ್ಕೆ ಸೋತು ಸುಳಿಯ ಬುಡಕ್ಕೆ ಜಾರುತ್ತದೆ ಮತ್ತು ಬೇರೆ ದಾರಿಯಿಲ್ಲದೆ ಮೇಲಕ್ಕೆ ಏರುತ್ತದೆ. ಲೋಟದ ಚಹಾವನ್ನು ತಿರುಗಿಸಿ ಬಿಟ್ಟಾಗ ತಳದ ಚರಟ ನಡುವೆ ಬಂದು ಗುಡ್ಡೆಯಾಗುವುದು ಇದೇ ಕಾರಣಕ್ಕೆ. ಹೀಗೆ ಪ್ರತಿಯೊಂದು ಸುಳಿಯೂ ತಳದ ಬಿಸಿ ಪದರವನ್ನು ಹೀರುವ ಒಂದು ಸಣ್ಣ ಪಂಪಾಗುತ್ತದೆ. ಭ್ರಮಣೆ ಇಲ್ಲದಾಗ ಈ ಪಂಪು ಇಲ್ಲ. ತಳದ ಬಿಸಿ ತನ್ನ ತೇಲುಬಲದಿಂದಲೇ ಏಳಬೇಕು.

ಆದ್ದರಿಂದ ಭ್ರಮಣೆಗೆ ಎರಡು ಕೈ. ಒಂದು ಕೈ ಪಾತ್ರೆಯ ನಡುಭಾಗದಲ್ಲಿ ಮೇಲ್ಮುಖ ಚಲನೆಯನ್ನು ಅದುಮುತ್ತದೆ, ಇನ್ನೊಂದು ಕೈ ತಳದಲ್ಲೂ, ಮೇಲೆ ಗಟ್ಟಿ ತಟ್ಟೆಯಿದ್ದರೆ ಅಲ್ಲೂ, ಪಂಪು ಹೊಡೆಯುತ್ತದೆ. ಮಿತವಾದ ವೇಗದಲ್ಲಿ ಪಂಪಿನ ಕೈ ಮೇಲು, ಹೆಚ್ಚಿದಾಗ ಅದುಮುವ ಕೈ ಮೇಲು.

ಕುಕ್ಕರಹಳ್ಳಿ ವಾಯುವಿಹಾರಿ:

ಭೂಮಿಯೂ ಸುತ್ತುತ್ತಿದೆಯಲ್ಲ. ಹಾಗಾದರೆ ರಾತ್ರಿ ಹೊತ್ತು ಕೆರೆ ತಣಿಯುವಾಗ ಮೇಲಿನ ತಣ್ಣನೆ ನೀರು ಸುಳಿಸುಳಿಯಾಗಿ ಇಳಿಯುತ್ತದೆಯೇ? ಬಚ್ಚಲಿನ ನೀರು ಸುತ್ತುವುದೂ ಭೂಮಿಯಿಂದಲೇ ಎಂದು ಕೇಳಿದ್ದೇನೆ.

ಸರಸ್ವತೀಪುರಂ ಮೇಷ್ಟ್ರು:

ಇಲ್ಲ, ಸ್ವಾಮಿ. ಮೈಸೂರು ಸುಮಾರು 12.3 ಡಿಗ್ರಿ ಅಕ್ಷಾಂಶದಲ್ಲಿದೆ. ಸಮಭಾಜಕಕ್ಕೆ ಹತ್ತಿರವಿರುವುದರಿಂದ ಭೂಭ್ರಮಣೆಯ ಲಂಬ ಅಂಶ ಇಲ್ಲಿ ಐದನೇ ಒಂದು ಭಾಗದಷ್ಟು ಮಾತ್ರ. ಒಂದಡಿಯ ಮೂರನೇ ಒಂದರಷ್ಟು ಎತ್ತರದ ಪಾತ್ರೆಯಲ್ಲಿ ನೀರು ಸೆಕೆಂಡಿಗೆ ಒಂದು ಸೆಂಟಿಮೀಟರ್ ಚಲಿಸುತ್ತದೆ ಎಂದಿಟ್ಟುಕೊಂಡರೆ ರಾಸ್‌ಬಿ ಸಂಖ್ಯೆ ಮೂರು ಸಾವಿರ ದಾಟುತ್ತದೆ. ಈ ಸಂಖ್ಯೆ ಒಂದರ ಆಸುಪಾಸಿಗೆ ಇಳಿದಾಗ ಮಾತ್ರ ಭ್ರಮಣೆಗೆ ಮಾತಾಡುವ ಹಕ್ಕು ಬರುತ್ತದೆ. ಕೆರೆಯ ನೀರು ಮೂರು ಮೀಟರ್ ಆಳವಿದೆ, ಇಳಿಯುವ ವೇಗ ಸೆಕೆಂಡಿಗೆ ಅರ್ಧ ಸೆಂಟಿಮೀಟರ್ ಎಂದುಕೊಂಡರೂ ಅದು ಐವತ್ತರ ಮೇಲೇ ಇರುತ್ತದೆ. ಬಚ್ಚಲಿನ ಸುಳಿಗೆ ಭೂಮಿಯಲ್ಲ, ಬಚ್ಚಲಿನ ಆಕಾರ ಕಾರಣ.

ಪಾಂಡವಪುರದ ಆಲೆಮನೆ:

ಸರ್, ಇದನ್ನು ಮನೆಯಲ್ಲಿ ನೋಡಲು ಸಾಧ್ಯವೇ? ಎಷ್ಟು ವೇಗ ಬೇಕು ಎಂಬ ಅಂದಾಜೂ ಸಿಕ್ಕಿದರೆ ಉಪಕಾರವಾಗುತ್ತದೆ.

ಸರಸ್ವತೀಪುರಂ ಮೇಷ್ಟ್ರು:

ನಾನು ಮಾಡಿದ್ದನ್ನು ಹೇಳುತ್ತೇನೆ. ಗುಜರಿ ಅಂಗಡಿಯಿಂದ ಕಾರಿನ ವೈಪರ್ ಮೋಟರ್ ತಂದು, ಬೆಲ್ಟು ಮತ್ತು ದೊಡ್ಡ ಗಾಲಿಯ ಮೂಲಕ ಅದರ ವೇಗ ಇಳಿಸಿ, ನಿಮಿಷಕ್ಕೆ ಹತ್ತು ಸುತ್ತಿನ ಹಾಗೆ ಒಂದು ಮರದ ಹಲಗೆಯನ್ನು ತಿರುಗಿಸಿದೆ. ಅದರ ಮೇಲೆ ಹತ್ತು ಸೆಂಟಿಮೀಟರ್ ಅಗಲದ ಗಾಜಿನ ಜಾಡಿ, ಅದರಲ್ಲಿ ಅಷ್ಟೇ ಎತ್ತರಕ್ಕೆ ಉಗುರು ಬೆಚ್ಚಗಿಗಿಂತ ಸ್ವಲ್ಪ ಬಿಸಿಯಾದ ನೀರು. ಮೇಲಿನ ಮೈ ಆವಿಯಾಗಿ ತಣಿಯುವುದರಿಂದ ತಣ್ಣನೆ ನೀರು ಮೇಲಿನಿಂದ ಇಳಿಯುತ್ತದೆ. ಕೆಳಗಿನಿಂದ ಕಾಯಿಸುವ ಬದಲು ತಲೆಕೆಳಗಾದ ಅದೇ ಸಂವಹನ.

ಮೊದಲು ನಿಲ್ಲಿಸಿಯೇ ಒಂದು ಹನಿ ನೀಲಿ ಶಾಯಿ ಬಿಟ್ಟೆ. ಅದು ಅಣಬೆಯಂತೆ ಅರಳಿ ಮಗುಚಿ, ಅರ್ಧ ನಿಮಿಷದಲ್ಲಿ ಇಡೀ ಜಾಡಿಯನ್ನು ಮಬ್ಬುಗೊಳಿಸಿತು. ನೀರು ಬದಲಾಯಿಸಿ, ಹಲಗೆಯನ್ನು ತಿರುಗಿಸಿ, ಐದು ನಿಮಿಷ ಕಾದೆ. ಈ ಕಾಯುವಿಕೆಗೂ ಕಾರಣವಿದೆ: ಬರಿಯ ಸ್ನಿಗ್ಧತೆಯನ್ನು ನಂಬಿದರೆ ಹತ್ತು ಸೆಂಟಿಮೀಟರ್ ನೀರು ಪಾತ್ರೆಯ ವೇಗಕ್ಕೆ ಬರಲು ಎರಡೂವರೆ ಗಂಟೆಗೂ ಹೆಚ್ಚು ಬೇಕು, ಎಕ್‌ಮನ್ ಪಂಪಿನ ದೆಸೆಯಿಂದ ಕೆಲವೇ ನಿಮಿಷ ಸಾಕು. ಆಮೇಲೆ ಬಿಟ್ಟ ಶಾಯಿ ಅಣಬೆಯಾಗಲಿಲ್ಲ. ಹಗ್ಗದ ಮೇಲೆ ಒಣಗಲು ಹಾಕಿದ ತೆಳು ಸೀರೆಯ ಹಾಗೆ, ಮೇಲಿನಿಂದ ತಳದವರೆಗೆ ನೆಟ್ಟಗೆ ಇಳಿಬಿದ್ದ ಪರದೆಗಳಾಯಿತು. ಮೇಲಿನಿಂದ ಬಗ್ಗಿ ನೋಡಿದರೆ ಅವೇ ಪರದೆಗಳು ಸಣ್ಣ ಸಣ್ಣ ಸುರುಳಿಗಳು. ನಡುವೆ ಒಮ್ಮೆ ಬೆಲ್ಟು ಜಾರಿ ಹಲಗೆ ತಡವರಿಸಿತು, ಆ ಕ್ಷಣವೇ ಪರದೆಗಳೆಲ್ಲ ಕದಡಿಹೋದವು.

ವೇಗದ ಅಂದಾಜು: ಎತ್ತರವೂ ಅಗಲವೂ ಸಮವಾಗಿರುವ ಜಾಡಿಯಲ್ಲಿ ನೀರಿಗೆ ರಾಸ್‌ಬಿ ಸಂಖ್ಯೆ ಸುಮಾರು 2.5ಕ್ಕೆ ಇಳಿದಾಗ ಉಷ್ಣ ಸಾಗಣೆಯ ಏರಿಕೆ ಶುರುವಾಗುತ್ತದೆ ಎಂದು 2009ರಲ್ಲಿ ಪ್ರಕಟವಾದ ಪ್ರಯೋಗಗಳೂ ಕಂಪ್ಯೂಟರ್ ಲೆಕ್ಕಗಳೂ ತೋರಿಸಿದವು. ವಿಶೇಷವೆಂದರೆ ಅದು ಮೆಲ್ಲಗೆ ಏರುವುದಿಲ್ಲ. ಅಲ್ಲಿಯವರೆಗೆ ಹೆಚ್ಚುಕಡಿಮೆ ಸಮತಟ್ಟಾಗಿದ್ದು, ಅಲ್ಲಿ ಥಟ್ಟನೆ ತಿರುವು ತೆಗೆದುಕೊಳ್ಳುತ್ತದೆ. 10 ಡಿಗ್ರಿ ವ್ಯತ್ಯಾಸವಿರುವ ನಮ್ಮ ಜಾಡಿಗೆ ಆ ತಿರುವು ನಿಮಿಷಕ್ಕೆ ಒಂದು ಸುತ್ತಿಗಿಂತಲೂ ಕಡಿಮೆ ವೇಗದಲ್ಲೇ ಬರುತ್ತದೆ. ಹತ್ತು ಸುತ್ತಿಗೆ ರಾಸ್‌ಬಿ ಸಂಖ್ಯೆ ಸುಮಾರು 0.2. ಅಲ್ಲಿ ಎಕ್‌ಮನ್ ಪದರದ ದಪ್ಪ ಸುಮಾರು ಒಂದು ಮಿಲಿಮೀಟರ್. ತಳದ ಬಿಸಿ ಪದರದ ದಪ್ಪ ಒಂದೂವರೆ ಮಿಲಿಮೀಟರ್ ಆಸುಪಾಸು. ಪಂಪಿನ ಬಾಯಿ ಬಿಸಿ ಪದರಕ್ಕೆ ಸರಿಯಾಗಿ ಕೂಡುವುದು ಈ ಎರಡು ದಪ್ಪಗಳು ಒಂದಕ್ಕೊಂದು ಹತ್ತಿರವಿರುವಾಗಲೇ.

ನನ್ನ ಜಾಡಿಯಲ್ಲಿ ತಾಪಮಾನ ಅಳೆದಾಗ, ಸುತ್ತುತ್ತಿದ್ದ ನೀರು ನಿಂತ ನೀರಿಗಿಂತ ಬೇಗ ತಣಿಯಿತು ಎಂಬುದನ್ನೂ ದಾಖಲಿಸುತ್ತೇನೆ.

ಗಂಗೋತ್ರಿ ಭೌತವಿಜ್ಞಾನ:

ಕ್ಷಮಿಸಬೇಕು ಸರ್, ಆ ಕೊನೆಯ ಅಳತೆಯನ್ನು ಒಪ್ಪುವುದು ಕಷ್ಟ. ಜಾಡಿಯ ಬಾಯಿ ತೆರೆದಿದೆ. ಜಾಡಿ ಸುತ್ತಿದಾಗ ಅದರ ಮೇಲಿನ ಗಾಳಿಯೂ ಅಲುಗಾಡುತ್ತದೆ, ಆವಿಯಾಗುವುದು ಹೆಚ್ಚುತ್ತದೆ. ನೀರು ಬೇಗ ತಣಿದದ್ದು ಒಳಗಿನ ಪಂಪಿನಿಂದಲೋ, ಹೊರಗೆ ಬೀಸಣಿಗೆ ಬೀಸಿದಂತಾದದ್ದರಿಂದಲೋ ಎಂದು ಬೇರ್ಪಡಿಸಲಾಗದು. ನೀರಿಗೆ ತಾಗುವಂತೆ ಒಂದು ಸ್ಟೀಲ್ ತಟ್ಟೆಯನ್ನು ಮುಚ್ಚಳವಾಗಿಟ್ಟು, ಅದರ ಮೇಲೆ ಐಸ್ ಹಾಕಿ ಅಳೆದರೆ ಹೇಗೆ?

ಸರಸ್ವತೀಪುರಂ ಮೇಷ್ಟ್ರು:

ಒಪ್ಪಿದೆ. ಆ ಅಳತೆಗೆ ಬೆಲೆಯಿಲ್ಲ. ಪರದೆಗಳನ್ನು ಕಂಡ ಸಂತೋಷದಲ್ಲಿ ಅದನ್ನು ಸೇರಿಸಿಬಿಟ್ಟೆ. ಮುಚ್ಚಳದ ಸಲಹೆ ಚೆನ್ನಾಗಿದೆ, ಆದರೆ ಐಸ್ ಬೇಡ. ನೀರು 4 ಡಿಗ್ರಿಯಲ್ಲಿ ಅತ್ಯಂತ ಭಾರ; ಅದಕ್ಕಿಂತ ತಣ್ಣಗಾದ ನೀರು ಮತ್ತೆ ಹಗುರವಾಗಿ ಮುಚ್ಚಳಕ್ಕೆ ಅಂಟಿಕೊಂಡೇ ಉಳಿಯುತ್ತದೆ, ನಾವು ಅಳೆಯಹೊರಟ ಪದರವೇ ಕೆಡುತ್ತದೆ. ನಲ್ಲಿಯ ನೀರು ಹಾಕಿ, ಬೆಚ್ಚಗಾದಾಗ ಬದಲಾಯಿಸುವುದು ಮೇಲು. ಜಾಡಿಯ ತಳಕ್ಕೂ ಪಕ್ಕಕ್ಕೂ ಥರ್ಮೋಕೋಲ್ ಸುತ್ತಬೇಕು.

ಮದ್ದೂರು ಬಾಯ್ಲರ್:

ನಾನು ಬಾಯ್ಲರ್ ಕೆಲಸದವನು. ಮೂಲ ಪ್ರಶ್ನೆಯಾದ ಕೊಪ್ಪರಿಗೆಗೆ ಮರಳುತ್ತೇನೆ. ತಮ್ಮಾ, ಒಲೆಯಿಂದ ಹಾಲಿಗೆ ಬಿಸಿ ಬರುವ ದಾರಿಯಲ್ಲಿ ಎರಡು ಬಾಗಿಲುಗಳಿವೆ: ಉರಿಯ ಅನಿಲದಿಂದ ತಗಡಿಗೆ ಒಂದು, ತಗಡಿನಿಂದ ಹಾಲಿಗೆ ಇನ್ನೊಂದು. ಅನಿಲದ ಬಾಗಿಲು ಬಹಳ ಕಿರಿದು. ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿಗೆ ಆ ಕಡೆ 50 ವ್ಯಾಟ್, ಹಾಲಿನ ಕಡೆ 1000 ವ್ಯಾಟ್ ಎಂದಿಟ್ಟು ಲೆಕ್ಕ ಮಾಡಿ ನೋಡು. ಹಾಲಿನ ಕಡೆಯದನ್ನು 30 ಶೇಕಡಾ ಹೆಚ್ಚಿಸಿದರೂ ಒಟ್ಟು ಸಾಗಣೆ ಹೆಚ್ಚುವುದು ಒಂದು ಶೇಕಡಾದ ಸುತ್ತಮುತ್ತ ಅಷ್ಟೆ. ಅದಲ್ಲದೆ ಹಾಲು ಕುದಿ ಹಿಡಿದ ಮೇಲೆ ಗುಳ್ಳೆಗಳೇ ಎಲ್ಲವನ್ನೂ ಕಲಕುತ್ತವೆ, ನಿಮ್ಮ ಸುಳಿಗೆ ಅಲ್ಲಿ ಕೆಲಸವಿಲ್ಲ.

ಯಂತ್ರದ ಲೆಕ್ಕವನ್ನೂ ನೋಡು. ಎರಡು ಮೀಟರ್ ಅಗಲದ ಕೊಪ್ಪರಿಗೆಯನ್ನು ನಿಮಿಷಕ್ಕೆ ಹತ್ತು ಸುತ್ತು ತಿರುಗಿಸಿದರೆ ಕೇಂದ್ರಾಪಗಾಮಿ ಬಲದಿಂದ ಅಂಚಿನ ಹಾಲು ನಡುವಿನದಕ್ಕಿಂತ ಐದು ಸೆಂಟಿಮೀಟರ್ ಮೇಲೇರುತ್ತದೆ. ಉರಿಯುವ ಒಲೆಯ ಮೇಲೆ ಅಷ್ಟು ಭಾರವನ್ನು ಸುತ್ತಿಸುವ ಬೇರಿಂಗಿನ ವೆಚ್ಚದಲ್ಲಿ ಒಲೆಯನ್ನೇ ತಿದ್ದಿ, ಹೊಗೆಯಲ್ಲಿ ಹೋಗುವ ಬಿಸಿಯಿಂದ ಮುಂದಿನ ಕೊಪ್ಪರಿಗೆಯ ಹಾಲನ್ನು ಕಾಯಿಸಿಕೊಳ್ಳಬಹುದು.

ಸರಸ್ವತೀಪುರಂ ಮೇಷ್ಟ್ರು:

ಬಾಯ್ಲರಿನವರ ಲೆಕ್ಕಕ್ಕೆ ನನ್ನ ತಕರಾರಿಲ್ಲ. ಅದಕ್ಕೆ ಇನ್ನೊಂದು ಕಾರಣ ಸೇರಿಸುತ್ತೇನೆ, ಏಕೆಂದರೆ ಪಾದರಸದಲ್ಲಿ ಯಾಕೆ ಏರಿಕೆ ಕಾಣಲಿಲ್ಲ ಎಂಬ ಪ್ರಶ್ನೆಯ ಉತ್ತರವೂ ಅದರಲ್ಲೇ ಇದೆ.

ದ್ರವದಲ್ಲಿ ಚಲನೆ ಹರಡುವ ವೇಗಕ್ಕೂ ಉಷ್ಣ ಹರಡುವ ವೇಗಕ್ಕೂ ಇರುವ ಅನುಪಾತವೇ ಪ್ರಾಂಟ್ಲ್ ಸಂಖ್ಯೆ. 20 ಡಿಗ್ರಿಯ ನೀರಿಗೆ ಅದು ಸುಮಾರು 7, ಗಾಳಿಗೆ 0.7, ಪಾದರಸಕ್ಕೆ 0.025. ಪಾದರಸದಲ್ಲಿ ಉಷ್ಣ ಎಷ್ಟು ಬೇಗ ಸೋರುತ್ತದೆಂದರೆ, ಸುಳಿಯ ಪಂಪು ತಳದಿಂದ ಎತ್ತಿದ ಬಿಸಿ ಮೇಲಕ್ಕೆ ತಲುಪುವ ಮೊದಲೇ ಪಕ್ಕಕ್ಕೆ ಹರಿದುಹೋಗುತ್ತದೆ. ತೂತು ಬಿಂದಿಗೆಯಲ್ಲಿ ನೀರು ಹೊತ್ತ ಹಾಗೆ. ಸೇದುವುದರಲ್ಲಿ ಕೊರತೆಯಿಲ್ಲ, ಮನೆ ಮುಟ್ಟುವುದಿಲ್ಲ. ಪ್ರಾಂಟ್ಲ್ ಸಂಖ್ಯೆ ಅತಿಯಾದರೂ ಲಾಭ ಕುಗ್ಗುತ್ತದೆ, ಆದರೆ ಬೇರೆ ಕಾರಣಕ್ಕೆ: ಬಿಸಿ ಪದರ ಎಕ್‌ಮನ್ ಪದರಕ್ಕಿಂತ ಬಹಳ ತೆಳುವಾಗಿ, ಪಂಪು ಎಳೆಯುವ ದ್ರವದಲ್ಲಿ ಹೆಚ್ಚಿನ ಪಾಲು ಬಿಸಿಯೇ ಆಗದ ದ್ರವವಾಗಿರುತ್ತದೆ. ಕಬ್ಬಿನ ಹಾಲು ಪಾಕವಾಗುತ್ತಾ ಗಟ್ಟಿಯಾದಂತೆ ಅದರ ಪ್ರಾಂಟ್ಲ್ ಸಂಖ್ಯೆ ನೂರನ್ನೂ ದಾಟುತ್ತದೆ. ನೀರು ಈ ಎರಡು ತುದಿಗಳ ನಡುವೆ ಅದೃಷ್ಟದ ಜಾಗದಲ್ಲಿದೆ ಎನ್ನಬೇಕು. 30 ಶೇಕಡಾ ಎಂಬ ಸಂಖ್ಯೆ ಬಂದದ್ದೂ ನೀರಿನಂಥ ದ್ರವದಲ್ಲಿ, ಅದೂ ರೇಲಿ ಸಂಖ್ಯೆ ತೀರಾ ದೊಡ್ಡದಲ್ಲದಾಗ. ರೇಲಿ ಸಂಖ್ಯೆ ಬಹಳ ಹೆಚ್ಚಿದರೆ ಪ್ರಕ್ಷುಬ್ಧತೆಯೇ ಸುಳಿಗಳನ್ನು ಹರಿದುಹಾಕಿ, ಪಾದರಸದಲ್ಲಾದಂತೆ ಬಿಸಿಯನ್ನು ದಾರಿಯಲ್ಲೇ ಚೆಲ್ಲಿಸುತ್ತದೆ.

ಗಂಗೋತ್ರಿ ಭೌತವಿಜ್ಞಾನ:

ಹಾಗಿದ್ದರೆ ಭೂಮಿಯ ಹೊರ ತಿರುಳಿನ ದ್ರವ ಕಬ್ಬಿಣದಲ್ಲಿ ಈ ಏರಿಕೆಯನ್ನು ನಿರೀಕ್ಷಿಸುವಂತಿಲ್ಲ ಅಲ್ಲವೇ, ಸರ್?

ಸರಸ್ವತೀಪುರಂ ಮೇಷ್ಟ್ರು:

ನಿರೀಕ್ಷಿಸುವಂತಿಲ್ಲ. ಅದು ಲೋಹ, ಪ್ರಾಂಟ್ಲ್ ಸಂಖ್ಯೆ ಒಂದಕ್ಕಿಂತ ಸಾಕಷ್ಟು ಕಡಿಮೆ. ದಿನಕ್ಕೆ ಒಂದೇ ಸುತ್ತು ಎಂದರೆ ನಿಧಾನವೆನಿಸುತ್ತದೆ, ಆದರೆ ಪದರದ ದಪ್ಪ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು. ಸ್ನಿಗ್ಧತೆಯನ್ನು ಭ್ರಮಣೆಯೊಡನೆ ತೂಗುವ ಎಕ್‌ಮನ್ ಸಂಖ್ಯೆ ಅಲ್ಲಿ ಒಂದನ್ನು ಸಾವಿರ ಲಕ್ಷ ಕೋಟಿಯಿಂದ ಭಾಗಿಸಿದಷ್ಟು ಸಣ್ಣದು. ನನ್ನ ಜಾಡಿಯಲ್ಲಿ ಅದು ಇಪ್ಪತ್ತು ಸಾವಿರದಲ್ಲಿ ಒಂದು ಪಾಲು. ಆ ಕಡೆಗೆ ಸ್ವಲ್ಪವಾದರೂ ಹತ್ತಿರ ಹೋಗಲೆಂದೇ ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿ ನಾಲ್ಕು ಮೀಟರ್ ಎತ್ತರದ ಸುತ್ತುವ ಕೊಳವೆ ಕಟ್ಟಿದ್ದಾರೆ.

ಅಂಥ ಕೊಳವೆಗಳಲ್ಲಿ ಒಂದು ತೊಡಕೂ ಎದುರಾಯಿತು. ವೇಗದ ಭ್ರಮಣೆಯಲ್ಲಿ ಪಕ್ಕದ ಗೋಡೆಯ ಬಳಿ ಸಂವಹನ ನಡುಭಾಗಕ್ಕಿಂತ ಮೊದಲೇ ಶುರುವಾಗುತ್ತದೆ ಎಂಬುದು ಹಿಂದಿನಿಂದ ಗೊತ್ತಿತ್ತು; ಪೂರ್ಣ ಪ್ರಕ್ಷುಬ್ಧ ಸ್ಥಿತಿಯಲ್ಲೂ ಗೋಡೆಗೆ ಅಂಟಿದ ಒಂದು ಪಟ್ಟಿ ಒಟ್ಟು ಉಷ್ಣದಲ್ಲಿ ಗಣನೀಯ ಪಾಲನ್ನು ಹೊರುತ್ತದೆ ಎಂದು 2020ರ ಸುಮಾರಿನಲ್ಲಿ ಸ್ಪಷ್ಟವಾಯಿತು. ಭೂಮಿಯ ತಿರುಳಿಗೆ ಗಾಜಿನ ಗೋಡೆ ಇಲ್ಲ. ಹಾಗಾಗಿ ಕೊಳವೆಯಲ್ಲಿ ಅಳೆದದ್ದರಲ್ಲಿ ಗೋಡೆಯ ಪಾಲನ್ನು ಕಳೆದೇ ಮಾತಾಡಬೇಕು. ನಮ್ಮ ಜಾಡಿಗೂ ವೇಗ ಹೆಚ್ಚಿಸಿದರೆ ಈ ಮಾತು ಅನ್ವಯಿಸುತ್ತದೆ. ಆದ್ದರಿಂದ ಹತ್ತು ಸುತ್ತನ್ನು ಮೀರುವುದು ಬೇಡ.

ಪಾಂಡವಪುರದ ಆಲೆಮನೆ:

ಎಲ್ಲರಿಗೂ ವಂದನೆಗಳು. ಕೊಪ್ಪರಿಗೆಯನ್ನು ಸುತ್ತಿಸುವ ಯೋಚನೆ ಕೈಬಿಟ್ಟಿದ್ದೇನೆ. ಹಾಲು ಅಂಚಿಗೆ ಐದು ಸೆಂಟಿಮೀಟರ್ ಏರುತ್ತದೆ ಎಂದು ಅಪ್ಪನಿಗೆ ಹೇಳಿದಾಗ, ಚೆಲ್ಲಿದ್ದಕ್ಕೆ ನೀನೇ ಲೆಕ್ಕ ಕೊಡಬೇಕು ಎಂದರು. ಮೇಷ್ಟ್ರೇ, ತಾವು ಒಪ್ಪಿದರೆ ಭಾನುವಾರ ಬೆಳಿಗ್ಗೆ ಮೈಸೂರಿಗೆ ಬರುತ್ತೇನೆ. ಸ್ಟೀಲ್ ಮುಚ್ಚಳವನ್ನು ಲೇತ್‌ನಲ್ಲಿ ಜಾಡಿಯ ಬಾಯಿಗೆ ಸರಿಯಾಗಿ ತಿರುವಿಸಿ ತರುತ್ತೇನೆ, ಎರಡು ಡಿಜಿಟಲ್ ಥರ್ಮಾಮೀಟರುಗಳೂ ನನ್ನ ಬಳಿ ಇವೆ. ಮೊದಲು ನಿಲ್ಲಿಸಿ, ಆಮೇಲೆ ನಿಮಿಷಕ್ಕೆ ಅರ್ಧ, ಎರಡು, ಐದು, ಹತ್ತು ಸುತ್ತುಗಳಲ್ಲಿ, ಒಂದೊಂದನ್ನೂ ಮೂರು ಸಲ ಅಳೆಯೋಣವೇ?

ಸರಸ್ವತೀಪುರಂ ಮೇಷ್ಟ್ರು:

ಬನ್ನಿ. ಹೊಸ ಬೆಲ್ಟು ಹಾಕಿಸಿರುತ್ತೇನೆ. ಪ್ರತಿ ಸಲವೂ ನೀರು ಒಂದೇ ತಾಪಮಾನದಿಂದ ಶುರುವಾಗಬೇಕು, ಆದ್ದರಿಂದ ದೊಡ್ಡ ಫ್ಲಾಸ್ಕ್ ಒಂದನ್ನು ತಂದರೆ ಒಳ್ಳೆಯದು. ಗಂಗೋತ್ರಿಯ ಮೇಡಂ ಅವರೂ ಬಂದರೆ ಗಡಿಯಾರ ನೋಡುವ ಕೆಲಸ ಅವರದು. ನನ್ನ ಅಳತೆಯ ಮೇಲೆ ಅವರಿಗೆ ನಂಬಿಕೆ ಬರುವುದು ಆಗಲೇ.